ಕೆಂಗೇರಿಯ ರೇಷ್ಮೆಹುಳುವೂ ಮನುಷ್ಯನ ಕಿಣ್ವವೂ

ಬೆಂಗಳೂರಿನಿಂದ ಮೈಸೂರಿನ ಹಾದಿ ಹಿಡಿದು ಹೊರಟು, ನಾಯಂಡಹಳ್ಳಿಯನ್ನು ದಾಟಿ, ಜ್ಞಾನಭಾರತಿಯ ಮರಗಳನ್ನು ಬಲಗಡೆಗೆ ಬಿಟ್ಟು ಸಾಗಿದರೆ ಕೆಂಗೇರಿ ಸಿಕ್ಕುತ್ತದೆ. ಹಳೆಯ ಊರಿನ ಮಗ್ಗುಲಲ್ಲಿ ಇಂದು ದೊಡ್ಡದೊಂದು ಉಪನಗರ ಬೆಳೆದು ನಿಂತಿದೆ. ೨೦೨೧ನೆಯ ಇಸವಿಯಿಂದ ಮೆಟ್ರೊ ರೈಲಿನ ಸೌಕರ್ಯವೂ ಉಂಟು. ಅಲ್ಲಿ ವಾಸಮಾಡುವ ಓದುಗರೆ, ನಿಮ್ಮ ಊರಿನ ಹೆಸರು ನೂರೈವತ್ತು ವರ್ಷಗಳಿಗೂ ಹಿಂದೆ ರೇಷ್ಮೆಯ ಚರಿತ್ರೆಯಲ್ಲಿ ಒಮ್ಮೆ ಬಂದುಹೋಗಿದೆ ಎಂಬುದನ್ನು ನೀವು ಬಲ್ಲಿರಾ? ೧೮೬೬ರಲ್ಲಿ ಇಟಲಿ ದೇಶದ ಡೆ ವೆಕ್ಕಿ ಎಂಬವರು ಕೆಂಗೇರಿಯಲ್ಲಿ ರೇಷ್ಮೆನೂಲು ತೆಗೆಯುವ ಕಾರ್ಖಾನೆಯೊಂದನ್ನು ಹೂಡಿದರು. ಸೀಮೆಯ ಹುಳುಗಳಿಗೆ ರೋಗ ಬಿದ್ದಿತ್ತು, ಜಪಾನಿನಿಂದ ಹೊಸ ಮೊಟ್ಟೆಗಳನ್ನು ತರಿಸಿದರು, ಕೆಲವು ವರ್ಷ ಹೆಣಗಿದರು, ಕೊನೆಗೆ ಕೈಬಿಟ್ಟರು. ಮೈಸೂರಿನ ಗ್ಯಾಸೆಟಿಯರಿನಲ್ಲಿ ಈ ಸಂಗತಿಗೆ ಸಿಕ್ಕಿರುವ ಜಾಗ ನಾಲ್ಕಾರು ಸಾಲು ಮಾತ್ರ.

ಆ ನಾಲ್ಕಾರು ಸಾಲನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಇಂದು ಔಷಧಗಳನ್ನು ಹುಡುಕುವ ಪ್ರಯೋಗಶಾಲೆಗಳಲ್ಲಿ, ನಮ್ಮ ಬೆಂಗಳೂರಿನವುಗಳಲ್ಲಿಯೂ ಕೂಡ, ಬೆರಳುದ್ದದ ಸೀಸೆಗಳಲ್ಲಿ ಒಂದು ವಸ್ತುವನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಅದರ ಹೆಸರು ಮರುಸಂಯೋಜಿತ ಮಾನವ ಕೈನೇಸ್. ಹೆಸರು ಬಾಯಿಗೆ ಬಾರದಷ್ಟು ಉದ್ದವಾದರೂ ಅರ್ಥ ಕಷ್ಟವಲ್ಲ. ಅದು ಮನುಷ್ಯನ ಮೈಯೊಳಗಿನ ಒಂದು ಕಿಣ್ವ. ಆದರೆ ಯಾವ ಮನುಷ್ಯನ ಮೈಯಿಂದಲೂ ತೆಗೆದುದಲ್ಲ. ಬಹಳ ಸಲ ಅದು ತಯಾರಾಗುವುದು ಒಂದು ಹುಳುವಿನ ಜೀವಕೋಶದಲ್ಲಿ. ಆ ಕೋಶದಿಂದ ಈ ಕೆಲಸ ಮಾಡಿಸುವುದಾದರೋ ರೇಷ್ಮೆಹುಳುವನ್ನು ಕೊಲ್ಲುವ ವೈರಾಣುವಿನ ಹತ್ತಿರದ ನೆಂಟ. ರೈತನ ಮನೆಯ ಕೇಡು ರೋಗಿಯ ಮನೆಯ ಆಸರೆಯಾದ ಈ ಕಥೆಯನ್ನು ಮೊದಲಿನಿಂದ ನೋಡೋಣ.

ಮೊದಲು ಕಿಣ್ವದ ಮಾತು. ಕಿಣ್ವ ಎಂಬುದು ಹಳೆಯ ಸಂಸ್ಕೃತ ಪದ; ಮದ್ಯವನ್ನು ಹುಳಿಯಿಸಲು ಹಾಕುತ್ತಿದ್ದ ಬೀಜದ್ರವ್ಯಕ್ಕೆ ಆ ಹೆಸರಿತ್ತು. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಿನ ಹೊತ್ತಿಗೆ ಉಬ್ಬುವುದೂ, ಹಾಲು ಹೆಪ್ಪಾಗುವುದೂ ಸೂಕ್ಷ್ಮಜೀವಿಗಳೊಳಗಿನ ಕಿಣ್ವಗಳ ಕೆಲಸವೇ. ತಾನು ಸವೆಯದೆ ಬೇರೆ ದ್ರವ್ಯಗಳ ಮಾರ್ಪಾಟನ್ನು ಬೇಗ ನಡೆಸಿಕೊಡುವ ಪ್ರೋಟೀನು ಅದು. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸಾವಿರಾರು ಬಗೆಯ ಕಿಣ್ವಗಳು ದುಡಿಯುತ್ತಿವೆ. ಅವುಗಳಲ್ಲಿ ಒಂದು ದೊಡ್ಡ ಕುಲಕ್ಕೆ ಕೈನೇಸ್ ಎಂದು ಹೆಸರು. ಚಲಿಸು ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು.

ಕೈನೇಸಿನ ಕೆಲಸವೇನು? ಕಚೇರಿಯ ಕಾಗದವನ್ನು ನೆನೆದುಕೊಳ್ಳಿ. ಅರ್ಜಿಯ ಮೇಲೆ ಠಸ್ಸೆ ಬೀಳುವ ತನಕ ಅದು ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಠಸ್ಸೆ ಬಿದ್ದೊಡನೆ ಮುಂದಿನ ಮೇಜಿಗೆ ನಡೆಯುತ್ತದೆ. ಅಲ್ಲಿ ಇನ್ನೊಂದು ಠಸ್ಸೆ, ಅಲ್ಲಿಂದ ಇನ್ನೊಂದು ಮೇಜು. ಜೀವಕೋಶದಲ್ಲಿ ಈ ಠಸ್ಸೆಯೆಂದರೆ ಫಾಸ್ಫೇಟ್, ಅಂದರೆ ರಂಜಕವೂ ಆಮ್ಲಜನಕವೂ ಕೂಡಿದ ಒಂದು ಚಿಕ್ಕ ಗುಂಪು. ಕೈನೇಸು ಆ ಗುಂಪನ್ನು ಒಂದು ಪ್ರೋಟೀನಿನ ಮೇಲೆ ಒತ್ತುತ್ತದೆ. ಒತ್ತಿಸಿಕೊಂಡ ಪ್ರೋಟೀನು ಎಚ್ಚರಗೊಳ್ಳುತ್ತದೆ, ಇಲ್ಲವೆ ಮಲಗುತ್ತದೆ. ಅದೇ ಕೈನೇಸಾಗಿದ್ದರೆ ತಾನು ಮತ್ತೊಂದಕ್ಕೆ ಠಸ್ಸೆ ಹಾಕುತ್ತದೆ. ಹಾಕಿದ ಗುರುತನ್ನು ಅಳಿಸುವುದಕ್ಕೆ ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳು ಇವೆ. ನೀವು ಸಂಜೆ ಹೊತ್ತು ಹೋಗುತ್ತಿರುವಾಗ ನಾಯಿಯೊಂದು ಮೈಮೇಲೆ ಬಿದ್ದಂತೆ ಬೊಗಳಿದರೆ ಎದೆ ಹೊಡೆದುಕೊಳ್ಳುತ್ತದೆ, ಕಾಲಿಗೆ ಎಲ್ಲಿಲ್ಲದ ಕಸುವು ಬರುತ್ತದೆ. ರಕ್ತದಲ್ಲಿ ಹರಿದ ಅಡ್ರಿನಲಿನ್ ಕೋಶದ ಬಾಗಿಲು ತಟ್ಟಿದ್ದರಿಂದ ಒಳಗಿನ ಕೈನೇಸುಗಳು ಒಂದಾದ ಮೇಲೊಂದು ಠಸ್ಸೆ ಒತ್ತಿ, ಕೂಡಿಟ್ಟಿದ್ದ ಸಕ್ಕರೆಯ ಉಗ್ರಾಣದ ಬೀಗ ತೆಗೆದಿವೆ ಎಂದು ತಿಳಿಯಿರಿ.

ಠಸ್ಸೆಗೆ ಶಾಯಿ ಬೇಕಷ್ಟೆ. ಆ ಶಾಯಿ ಎ.ಟಿ.ಪಿ. ಎಂಬ ದ್ರವ್ಯ. ಅದಕ್ಕೆ ಮೂರು ಫಾಸ್ಫೇಟುಗಳ ಬಾಲವಿದೆ. ಕೊನೆಯದನ್ನು ಕಿತ್ತು ಕೈನೇಸು ಬಳಸಿಕೊಳ್ಳುತ್ತದೆ. ಈ ಎ.ಟಿ.ಪಿ.ಯನ್ನು ಸ್ನಾಯುವಿನಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ನೆರೆಯ ಆಂಧ್ರದವರು. ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ ಸೇರಿ ೧೯೨೯ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಬೇರೆಯಾಗಿ ಅದನ್ನೇ ಕಂಡರು. ಸುಬ್ಬರಾವ್ ಮುಂದೆ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿದರು. ಅವರ ತಂಡ ತಯಾರಿಸಿಕೊಟ್ಟ ಅಮಿನಾಪ್ಟೆರಿನ್ ಎಂಬ ಔಷಧದಿಂದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ತಗಲಿದ ಮಕ್ಕಳಲ್ಲಿ, ತಾತ್ಕಾಲಿಕವಾಗಿಯಾದರೂ, ಮೊದಲ ಬಾರಿಗೆ ಗುಣವನ್ನು ಕಂಡು ೧೯೪೮ರಲ್ಲಿ ವರದಿಮಾಡಿದರು. ಸುಬ್ಬರಾವ್ ಆ ವರ್ಷವೇ ತೀರಿಕೊಂಡರು. ಶಾಯಿಯೂ ರಕ್ತದ ಕ್ಯಾನ್ಸರಿನ ಔಷಧವೂ ಒಬ್ಬರ ಬದುಕಿನಲ್ಲಿ ಹೀಗೆ ಬಂದುಹೋದವು. ಅವೆರಡೂ ಒಂದೇ ಕಡೆ ಸೇರಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಕೈನೇಸಿನ ಗುಟ್ಟು ಬಯಲಾದದ್ದು ಅಮೆರಿಕದ ಸಿಯಾಟಲ್ ನಗರದಲ್ಲಿ. ಸ್ನಾಯು ತನ್ನ ಸಕ್ಕರೆಯನ್ನು ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದನ್ನು ಹುಡುಕುತ್ತಿದ್ದ ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಎಂಬ ಇಬ್ಬರು, ಸುಪ್ತವಾಗಿದ್ದ ಕಿಣ್ವವೊಂದು ಎ.ಟಿ.ಪಿ. ಸೇರಿದಾಗ ಎಚ್ಚರಗೊಳ್ಳುವುದನ್ನು ೧೯೫೫ರಲ್ಲಿ ತೋರಿಸಿದರು. ಎಬ್ಬಿಸುತ್ತಿದ್ದುದು ಮತ್ತೊಂದು ಕಿಣ್ವ, ಅದೇ ಕೈನೇಸ್. ಸ್ನಾಯುವಿನ ಸಣ್ಣ ವಿಷಯವೆಂದು ತೋರಿದ್ದ ಇದು ಎಲ್ಲ ಜೀವಕೋಶಗಳ ಆಡಳಿತದ ರೀತಿಯೆಂದು ಬರಬರುತ್ತ ತಿಳಿಯಿತು. ೧೯೯೨ರಲ್ಲಿ, ಮೂವತ್ತೇಳು ವರ್ಷಗಳ ಮೇಲೆ, ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಠಸ್ಸೆ ಒತ್ತುವ ಗುಮಾಸ್ತನಿಗೆ ಹುಚ್ಚು ಹಿಡಿದರೆ ಗತಿಯೇನು? ಹಗಲಿರುಳೂ ಕಂಡ ಕಾಗದಕ್ಕೆಲ್ಲ ಠಸ್ಸೆ ಹಾಕುತ್ತಾನೆ. ಕೋಶದಲ್ಲಿ ಹಾಗಾದರೆ ಬೆಳೆ, ಒಡೆ, ಹೆಚ್ಚು ಎಂಬ ಅಪ್ಪಣೆ ನಿಲ್ಲುವುದೇ ಇಲ್ಲ. ಕ್ಯಾನ್ಸರುಗಳಲ್ಲಿ ಹಲವಕ್ಕೆ ಮೂಲ ಇದು. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಪೀಟರ್ ನೋವೆಲ್, ಡೇವಿಡ್ ಹಂಗರ್ಫರ್ಡ್ ಎಂಬವರು ದೀರ್ಘಕಾಲದ ಒಂದು ಬಗೆಯ ರಕ್ತ ಕ್ಯಾನ್ಸರಿನ ರೋಗಿಗಳಲ್ಲಿ ವರ್ಣತಂತುವೊಂದು ಮೊಟಕಾಗಿರುವುದನ್ನು ಕಂಡರು. ೯ನೆಯ ಮತ್ತು ೨೨ನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು ಶಿಕಾಗೊದ ಜಾನೆಟ್ ರೌಲಿ ೧೯೭೩ರಲ್ಲಿ ತೋರಿಸಿದರು. ಆ ಬೆಸುಗೆಯ ಜಾಗದಲ್ಲಿ ಹುಟ್ಟುವುದು ಏಬಲ್ ಎಂಬ ಕೈನೇಸಿನ ವಿಕಾರರೂಪ. ಅದಕ್ಕೆ ತಡೆಯೆಂಬುದೇ ಇಲ್ಲ. ರೋಗದ ಮೂಲ ಒಬ್ಬನೇ ಒಬ್ಬ ಗುಮಾಸ್ತ ಎಂದಾದರೆ, ಅವನ ಕೈಯನ್ನಷ್ಟೇ ಹಿಡಿಯುವ ಔಷಧ ಸಿಕ್ಕೀತೆ ಎಂಬ ಆಸೆ ಆಗ ಹುಟ್ಟಿತು.

ಆಸೆ ಹುಟ್ಟಿದರೆ ಸಾಲದು. ಸಾವಿರಾರು ರಾಸಾಯನಿಕಗಳಲ್ಲಿ ಯಾವುದು ಆ ಕೈಯನ್ನು ಹಿಡಿಯುತ್ತದೆ ಎಂದು ನೋಡಬೇಕಾದರೆ ಕೈನೇಸು ಶುದ್ಧವಾಗಿ ಬಾಟಲಿಯಲ್ಲಿ ಇರಬೇಕು. ಮನುಷ್ಯನ ಕೈನೇಸೇ ಆಗಬೇಕು; ದನದ್ದು, ಇಲಿಯದು ಪೂರ್ತಿ ಅದೇ ಅಲ್ಲ. ಕೋಶದೊಳಗೆ ಒಂದೊಂದು ಕೈನೇಸೂ ಇರುವುದು ಅತ್ಯಲ್ಪ. ನೂರಾರು ಸೋದರ ಕೈನೇಸುಗಳೊಡನೆ ಬೆರೆತಿರುತ್ತದೆ. ಸಮುದ್ರದಲ್ಲಿ ಕರಗಿದ ಹಿಡಿ ಸಕ್ಕರೆಯನ್ನು ಮರಳಿ ತೆಗೆಯುವ ಕೆಲಸ ಅದು.

ಈ ತೊಡಕಿಗೆ ದಾರಿ ೧೯೭೩ರಲ್ಲಿ ತೆರೆಯಿತು. ಕ್ಯಾಲಿಫೋರ್ನಿಯದ ಸ್ಟ್ಯಾನ್ಲಿ ಕೊಹೆನ್, ಹರ್ಬರ್ಟ್ ಬೋಯರ್ ಎಂಬವರು ಒಂದು ಜೀವಿಯ ಜೀನನ್ನು ಕತ್ತರಿಸಿ ಬ್ಯಾಕ್ಟೀರಿಯದೊಳಗೆ ಕೂಡಿಸಿ ಬೆಳೆಯಿಸುವ ಮಾರ್ಗವನ್ನು ಕಂಡರು. ಹೀಗೆ ಕತ್ತರಿಸಿ ಕೂಡಿಸಿದ ಜೀನಿನಿಂದ ಹುಟ್ಟಿದ ಪ್ರೋಟೀನಿಗೆ ಮರುಸಂಯೋಜಿತ ಎಂಬ ವಿಶೇಷಣ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಈ ರೀತಿಯಲ್ಲಿ ತಯಾರಾಗಿ ೧೯೮೨ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ಪರಂಗಿಹಣ್ಣಿನ ಕಿಣ್ವವನ್ನು ತೆಗೆದು ಹೊರದೇಶಕ್ಕೆ ಕಳಿಸುವ ಉದ್ಯಮವಾಗಿ ೧೯೭೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆ ೨೦೦೪ರಲ್ಲಿ ಯೀಸ್ಟಿನಲ್ಲಿ ಮಾನವ ಇನ್ಸುಲಿನ್ನನ್ನು ಬೆಳೆದು ಮಾರುಕಟ್ಟೆಗೆ ಬಿಟ್ಟದ್ದನ್ನು ನೀವು ಕೇಳಿರಬಹುದು.

ಆದರೆ ಇನ್ಸುಲಿನ್ ಚಿಕ್ಕ ಪ್ರೋಟೀನು. ಕೈನೇಸು ದೊಡ್ಡದು, ಮಡಿಕೆಗಳು ಬಹಳ. ಪ್ರೋಟೀನೆಂಬುದು ಒಂದು ಉದ್ದನೆಯ ದಾರ. ರೇಷ್ಮೆಯ ಎಳೆಯೂ ಪ್ರೋಟೀನೇ ಅಲ್ಲವೆ? ಆ ದಾರ ಸರಿಯಾಗಿ ಮಡಿಸಿಕೊಂಡಾಗ ಮಾತ್ರ ಅದಕ್ಕೆ ಕೆಲಸ ಮಾಡುವ ಶಕ್ತಿ. ಬ್ಯಾಕ್ಟೀರಿಯದಲ್ಲಿ ಮನುಷ್ಯನ ಅನೇಕ ಕೈನೇಸುಗಳು ಮಡಿಸಿಕೊಳ್ಳದೆ ಮುದ್ದೆಯಾಗಿ ಬೀಳುತ್ತವೆ. ಇನ್ನು ಕೆಲವು ಸರಿಯಾಗಿ ಮಡಿಸಿಕೊಂಡರೆ ಅದೂ ತೊಂದರೆಯೇ. ಸಿಕ್ಕಸಿಕ್ಕಲ್ಲಿ ಠಸ್ಸೆ ಒತ್ತಿ ತಮ್ಮನ್ನು ಸಾಕಿದ ಬ್ಯಾಕ್ಟೀರಿಯವನ್ನೇ ಕೆಡಿಸುತ್ತವೆ. ಠಸ್ಸೆ ಅಳಿಸುವ ಕಿಣ್ವವನ್ನೂ ಜೊತೆಗೆ ಸೇರಿಸಿ ಏಬಲ್ ಕೈನೇಸನ್ನು ಬ್ಯಾಕ್ಟೀರಿಯದಲ್ಲಿಯೇ ಹೇರಳವಾಗಿ ಬೆಳೆಯುವ ಉಪಾಯ ೨೦೦೫ರಲ್ಲಿ ಪ್ರಕಟವಾಯಿತು. ಅಷ್ಟಾದರೂ ಬಹುಮಂದಿ ನೆಚ್ಚಿಕೊಂಡಿರುವುದು ಹುಳುವಿನ ಕೋಶವನ್ನೇ. ಈಗ ನಾವು ಕೆಂಗೇರಿಗೆ ಹಿಂದಿರುಗಬೇಕು.

ಮೈಸೂರು ಸೀಮೆಗೆ ರೇಷ್ಮೆಯನ್ನು ತಂದು ನೆಲೆಯೂರಿಸಲು ಯತ್ನಿಸಿದವನು ಟೀಪು ಸುಲ್ತಾನ್. ೧೮ನೆಯ ಶತಮಾನದ ಕೊನೆಯ ಭಾಗದ ಮಾತು. ಮುಂದೆ ಅದು ಚನ್ನಪಟ್ಟಣ, ರಾಮನಗರ, ಕನಕಪುರಗಳ ಕಡೆಯ ಒಕ್ಕಲುಮನೆಗಳ ಕಸುಬಾಯಿತು. ಅಷ್ಟರಲ್ಲಿ ಯೂರೋಪಿನ ರೇಷ್ಮೆಗೆ ದೊಡ್ಡ ಗಂಡಾಂತರ ಒದಗಿತು. ೧೮೫೦ರ ದಶಕದಿಂದ ಫ್ರಾನ್ಸು, ಇಟಲಿಗಳಲ್ಲಿ ಹುಳುಗಳ ಮೈಮೇಲೆ ಮೆಣಸಿನ ಪುಡಿ ಎರಚಿದಂತೆ ಕಪ್ಪು ಚುಕ್ಕೆ ಬಿದ್ದು ಮನೆಮನೆಗಳೇ ಬರಿದಾದವು. ಆ ರೋಗಕ್ಕೆ ಪೆಬ್ರಿನ್ ಎಂದು ಹೆಸರು. ನಮ್ಮವರು ಗಂಟು ರೋಗ ಎನ್ನುತ್ತಾರೆ. ೧೮೬೫ರಲ್ಲಿ ಫ್ರೆಂಚ್ ಸರ್ಕಾರ ಲೂಯಿ ಪಾಸ್ಚರನನ್ನು ಇದರ ಶೋಧನೆಗೆ ಕಳಿಸಿತು. ರೇಷ್ಮೆಹುಳುವನ್ನು ಆತ ಅದುವರೆಗೆ ಕೈಯಲ್ಲಿ ಮುಟ್ಟಿದವನಲ್ಲ. ಐದು ವರ್ಷಗಳ ದುಡಿಮೆಯಿಂದ ಒಂದು ಸರಳ ಕ್ರಮವನ್ನು ಕಟ್ಟಿಕೊಟ್ಟ: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡು, ಕಾಣದಿದ್ದರೆ ಇಟ್ಟುಕೊ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಈ ಪರೀಕ್ಷೆಯೇ ಆಧಾರ.

ಸ್ವದೇಶದ ಹುಳುಗಳು ಸಾಯುತ್ತಿದ್ದ ಆ ಕಾಲದಲ್ಲಿ ಇಟಲಿಯ ರೇಷ್ಮೆಗಾರರು ಆರೋಗ್ಯವಾದ ಮೊಟ್ಟೆಗಾಗಿ ಏಷ್ಯಾ ಖಂಡದ ಉದ್ದಗಲ ತಿರುಗಿದರು. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಬೌರಿಂಗನ ಆಡಳಿತದಲ್ಲಿತ್ತು. ೧೮೬೪ರಲ್ಲಿ ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದಿತ್ತು. ಕೆಂಗೇರಿಯ ಮೇಲೆ ಮೈಸೂರಿಗೆ ಹೋಗುವ ರೈಲು ಇನ್ನೂ ಹಾಕಿರಲಿಲ್ಲ. ಡೆ ವೆಕ್ಕಿ ಕೆಂಗೇರಿಯಲ್ಲಿ ಕಾರ್ಖಾನೆ ಹೂಡಿದ್ದು ಇಂಥ ಸಂದರ್ಭದಲ್ಲಿ. ಸಾಹಸವೇನೋ ದೊಡ್ಡದು. ಆದರೆ ಪಾಸ್ಚರನ ಕ್ರಮ ಆಗಿನ್ನೂ ಪೂರ್ತಿಯಾಗಿರಲಿಲ್ಲ. ಹೊಸ ಮೊಟ್ಟೆ ತರಿಸಬಹುದು, ಹೊಸ ಯಂತ್ರ ನಿಲ್ಲಿಸಬಹುದು. ರೋಗದ ಕಾರಣ ತಿಳಿಯದ ಕಡೆ ಹಣವೂ ಶ್ರದ್ಧೆಯೂ ಎಷ್ಟು ದಿನ ತಡೆದಾವು? ಕಾರ್ಖಾನೆ ನಿಂತಿತು. ರೈತರು ಮಾತ್ರ ನಿಲ್ಲಿಸಲಿಲ್ಲ; ಸತ್ತ ಹುಳುವನ್ನು ತಿಪ್ಪೆಗೆ ಸುರಿದು, ತಟ್ಟೆಗಳನ್ನು ತೊಳೆದು, ಮುಂದಿನ ಬೆಳೆಗೆ ಮತ್ತೆ ಮೊಟ್ಟೆ ತಂದರು.

ರೇಷ್ಮೆಹುಳುವಿನ ರೋಗಗಳು ನಾಲ್ಕು ಮುಖ್ಯವಾದವು: ಗಂಟು, ಸಪ್ಪೆ, ಸುಣ್ಣಕಟ್ಟು, ಹಾಲುತೊಂಡೆ. ಕೊನೆಯದು ನಮ್ಮ ಕಥೆಗೆ ಬೇಕಾದದ್ದು. ಹಾಲುತೊಂಡೆ ಬಿದ್ದ ಹುಳು ಜ್ವರಕ್ಕೆ ಕೂರದೆ, ಸೊಪ್ಪು ತಿನ್ನದೆ ತಟ್ಟೆಯ ಅಂಚಿನುದ್ದಕ್ಕೂ ಅಲೆಯುತ್ತದೆ. ಮೈ ಗಿಣ್ಣುಗಿಣ್ಣಾಗಿ ಊದಿಕೊಳ್ಳುತ್ತದೆ. ಮುಟ್ಟಿದರೆ ಚರ್ಮ ಹರಿದು ಹಾಲಿನಂಥ ದ್ರವ ಸುರಿಯುತ್ತದೆ. ಒಂದು ಹುಳುವಿನ ಹಾಲು ತಟ್ಟೆಯ ಉಳಿದ ಹುಳುಗಳಿಗೆಲ್ಲ ಸಾವು. ಆ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಹಲವು ಮುಖಗಳ ಹರಳುಗಳು ಕಂಡವು. ಹರಳಿನೊಳಗೆ ವೈರಾಣುಗಳು ಹುದುಗಿವೆಯೆಂಬುದು ೧೯೪೭ರಲ್ಲಿ ಬರ್ಗೋಲ್ಡ್ ಎಂಬ ವಿಜ್ಞಾನಿಯ ಕೆಲಸದಿಂದ ಸ್ಪಷ್ಟವಾಯಿತು. ಕೋಲಿನಂತೆ ನೀಳವಾದ ಈ ವೈರಾಣುಗಳ ಕುಲಕ್ಕೆ ಬ್ಯಾಕ್ಯುಲೊವೈರಸ್ ಎಂದು ಹೆಸರು. ಹರಳು ಅವುಗಳ ಕವಚ. ಹುಳು ಸತ್ತು ಕೊಳೆತ ಮೇಲೂ ವೈರಾಣು ಆ ಕವಚದೊಳಗೆ ಬಹುಕಾಲ ಸುರಕ್ಷಿತವಾಗಿ ಇರುತ್ತದೆ. ರೈತ ಎಷ್ಟು ತೊಳೆದರೂ ರೋಗ ಮರುಕಳಿಸುತ್ತಿದ್ದುದಕ್ಕೆ ಇದೇ ಕಾರಣ.

ಈ ಕವಚವನ್ನು ಕಟ್ಟುವ ಪ್ರೋಟೀನಿಗೆ ಪಾಲಿಹೆಡ್ರಿನ್ ಎನ್ನುತ್ತಾರೆ. ರೋಗ ಬಲಿತಾಗ ಸೋಂಕಿದ ಕೋಶ ಬೇರೆಲ್ಲ ಕೆಲಸ ಬಿಟ್ಟು ಇದನ್ನೇ ರಾಶಿರಾಶಿಯಾಗಿ ತಯಾರಿಸುತ್ತದೆ. ಹಾಲುತೊಂಡೆಯ ಹಾಲು ಬೆಳ್ಳಗಿರುವುದೂ ಇದರಿಂದಲೇ. ಬಾಟಲಿಯಲ್ಲಿ ಬೆಳೆಸಿದ ಕೋಶಗಳಲ್ಲಾದರೆ ಈ ಕವಚವಿಲ್ಲದೆಯೂ ವೈರಾಣು ಹಬ್ಬಬಲ್ಲದು. ಹಾಗಿದ್ದ ಮೇಲೆ ಪಾಲಿಹೆಡ್ರಿನ್ನಿನ ಜೀನನ್ನು ತೆಗೆದು ಆ ಜಾಗದಲ್ಲಿ ಬೇರೊಂದು ಜೀನನ್ನು ಇಟ್ಟರೆ? ಕೋಶವು ಅದೇ ಹುಮ್ಮಸ್ಸಿನಿಂದ ನಮಗೆ ಬೇಕಾದ ಪ್ರೋಟೀನನ್ನು ತಯಾರಿಸಬೇಕು. ಅಮೆರಿಕದ ಟೆಕ್ಸಾಸಿನಲ್ಲಿ ಮ್ಯಾಕ್ಸ್ ಸಮ್ಮರ್ಸ್, ಗೇಲ್ ಸ್ಮಿತ್ ಎಂಬವರು ೧೯೮೩ರಲ್ಲಿ ಹೀಗೆಯೇ ಮಾಡಿ ಮನುಷ್ಯನ ಇಂಟರ್ಫೆರಾನನ್ನು ಪಡೆದರು. ಅವರು ಹಿಡಿದದ್ದು ಸೈನಿಕ ಹುಳುವಿನ ಜಾತಿಯ ಒಂದು ಪತಂಗದ ಅಂಡಾಶಯದ ಕೋಶ. ಎರಡು ವರ್ಷಗಳ ಮೇಲೆ, ೧೯೮೫ರಲ್ಲಿ, ಜಪಾನಿನ ಸುಸುಮು ಮಯೇದ ಮತ್ತು ಸಂಗಡಿಗರು ರೇಷ್ಮೆಹುಳುವಿನ ಸ್ವಂತ ವೈರಾಣುವನ್ನೇ ತೆಗೆದುಕೊಂಡು, ಹಿಪ್ಪುನೇರಳೆ ಸೊಪ್ಪು ಮೇಯುವ ಜೀವಂತ ಹುಳುವಿನ ಮೈಯಲ್ಲಿ ಇಂಟರ್ಫೆರಾನನ್ನು ಬೆಳೆದರು.

ಈ ವಿದ್ಯೆ ಬೆಂಗಳೂರಿಗೆ ಬರಲು ತಡವಾಗಲಿಲ್ಲ. ಬರಲು ಹಳೆಯ ಋಣವೂ ಒಂದಿತ್ತೆನ್ನಬೇಕು. ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಷೆಟ್‌ಜಿ ತಾತಾ ಅವರು ಜಪಾನಿನ ತಜ್ಞರ ನೆರವಿನಿಂದ ಬಸವನಗುಡಿಯ ಬಳಿ ರೇಷ್ಮೆತೋಟ ಹಾಕಿಸಿದರು. ಕೆಂಗೇರಿಯಲ್ಲಿ ಸೋತ ಕೆಲಸಕ್ಕೆ ಮತ್ತೊಮ್ಮೆ ಕೈಹಚ್ಚಿದಂತಾಯಿತು. ಆ ಭಾಗದ ಜನ ಇಂದಿಗೂ ತಾತಾ ಸಿಲ್ಕ್ ಫಾರಂ ಎಂಬ ಹೆಸರನ್ನು ಉಳಿಸಿಕೊಂಡಿದ್ದಾರೆ. ಅದೇ ತಾತಾ ಅವರ ಸಂಕಲ್ಪದಿಂದ, ಮೈಸೂರು ಸಂಸ್ಥಾನ ಕೊಟ್ಟ ನೆಲದ ಮೇಲೆ, ೧೯೦೯ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಊರಿನವರು ಅದನ್ನು ತಾತಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. ಆ ಸಂಸ್ಥೆಯ ಪ್ರೊಫೆಸರ್ ಕೆ. ಪಿ. ಗೋಪಿನಾಥನ್ ಅವರ ಪ್ರಯೋಗಶಾಲೆಯಲ್ಲಿ ರೇಷ್ಮೆಹುಳುವಿನ ಜೀನುಗಳನ್ನೂ, ಹಾಲುತೊಂಡೆಯ ವೈರಾಣುವನ್ನು ಹೊರಜೀನುಗಳ ವಾಹನವಾಗಿ ಬಳಸುವುದನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮಿಂಚುಹುಳುವಿನ ಬೆಳಕಿನ ಕಿಣ್ವವನ್ನು ರೇಷ್ಮೆಹುಳುವಿನಲ್ಲಿ ತಯಾರಿಸಿದುದೂ ಈ ಕೆಲಸದಲ್ಲಿ ಸೇರಿದೆ. ತಾತಾ ಅವರ ರೇಷ್ಮೆಯ ಆಸೆಯೂ ವಿಜ್ಞಾನದ ಆಸೆಯೂ ಒಂದೇ ಕೊಠಡಿಯಲ್ಲಿ ಕೂಡಿದುವು.

ಅದೇ ಸಂಸ್ಥೆಯ ಇನ್ನೊಂದು ವಿಭಾಗದಲ್ಲಿ ಕೈನೇಸುಗಳ ಜನಗಣತಿ ನಡೆಯಿತು. ಮನುಷ್ಯನ ಜೀನುಗಳ ಕರಡು ಪಟ್ಟಿ ೨೦೦೧ರಲ್ಲಿ ಪ್ರಕಟವಾಗಿತ್ತು. ಪ್ರೊಫೆಸರ್ ಎನ್. ಶ್ರೀನಿವಾಸನ್ ತಮ್ಮ ವಿದ್ಯಾರ್ಥಿನಿಯೊಬ್ಬರೊಡನೆ ಆ ಪಟ್ಟಿಯನ್ನು ಸೋಸಿ ಅದರಲ್ಲಿರುವ ಪ್ರೋಟೀನು ಕೈನೇಸುಗಳನ್ನು ಗುರುತಿಸಿ ೨೦೦೨ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಜೆರಾರ್ಡ್ ಮ್ಯಾನಿಂಗ್ ಮತ್ತು ಸಂಗಡಿಗರ ಎಣಿಕೆ ೫೧೮ ಎಂದು ಬಂದಿತು. ಮನುಷ್ಯನ ಸುಮಾರು ೨೦,೦೦೦ ಪ್ರೋಟೀನು ಜೀನುಗಳಲ್ಲಿ ಐನೂರಕ್ಕೂ ಹೆಚ್ಚು ಈ ಒಂದೇ ಕಸುಬಿಗೆ ಮೀಸಲೆಂದರೆ ಆ ಕಸುಬು ಎಷ್ಟು ದೊಡ್ಡದಿರಬೇಕು! ನಾನಾ ಜೀವಿಗಳ ಕೈನೇಸುಗಳನ್ನು ಒಂದೆಡೆ ಜೋಡಿಸಿದ ಕಿಂಗ್ ಎಂಬ ಕೋಶವನ್ನೂ ಶ್ರೀನಿವಾಸನ್ ಅವರ ತಂಡ ಕಟ್ಟಿತು. ಅವರು ೨೦೨೧ರಲ್ಲಿ ನಿಧನರಾದರು.

ಈಗ ಆ ಸೀಸೆ ಹೇಗೆ ತುಂಬುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಮನುಷ್ಯನ ಒಂದು ಕೈನೇಸಿನ ಜೀನನ್ನು ವೈರಾಣುವಿನಲ್ಲಿ ಕೂಡಿಸುತ್ತಾರೆ. ಜೀನಿನ ತುದಿಗೆ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದ ಆರು ಮಣಿಗಳ ಬಾಲವೊಂದನ್ನು ಕಟ್ಟುವುದುಂಟು. ಹುಳುವಿನ ಕೋಶಗಳನ್ನು ಸಕ್ಕರೆ, ಲವಣಗಳುಳ್ಳ ದ್ರವದಲ್ಲಿ ೨೭ ಡಿಗ್ರಿ ಸೆಂಟಿಗ್ರೇಡಿನ ಹದದಲ್ಲಿ ಬೆಳೆಸುತ್ತಾರೆ. ರೇಷ್ಮೆ ಮನೆಯಲ್ಲಿ ರೈತ ಕಾಪಾಡುವ ಹದವೂ ಹೆಚ್ಚುಕಡಮೆ ಅದೇ. ವೈರಾಣು ಸೋಂಕಿದ ಎರಡು ಮೂರು ದಿನಗಳಲ್ಲಿ ಕೋಶಗಳು ಕೈನೇಸಿನಿಂದ ತುಂಬುತ್ತವೆ. ಅವನ್ನು ಒಡೆದು, ಬಂದ ರಸವನ್ನು ನಿಕ್ಕಲ್ ಲೋಹದ ಕಣಗಳುಳ್ಳ ಕೊಳವೆಯ ಮೂಲಕ ಹರಿಸಿದರೆ ಬಾಲವುಳ್ಳ ಕೈನೇಸು ನಿಕ್ಕಲ್ಲಿಗೆ ಅಂಟಿಕೊಳ್ಳುತ್ತದೆ, ಉಳಿದುದು ಹರಿದುಹೋಗುತ್ತದೆ. ಅಂಟಿದುದನ್ನು ಬಿಡಿಸಿ, ಸೀಸೆಗೆ ಹಾಕಿ, ಸೊನ್ನೆಗಿಂತ ೮೦ ಡಿಗ್ರಿ ಕೆಳಗೆ ಇಡುತ್ತಾರೆ. ಮಾರಾಟದ ಲೆಕ್ಕ ಮೈಕ್ರೊಗ್ರಾಮಿನಲ್ಲಿ. ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ಒಂದು ಮೈಕ್ರೊಗ್ರಾಮ್.

ಔಷಧ ಹುಡುಕುವವನು ಇದರಿಂದ ಒಂದಿಷ್ಟನ್ನು ತೆಗೆದುಕೊಂಡು, ಎ.ಟಿ.ಪಿ.ಯ ಶಾಯಿ ಕೊಟ್ಟು, ಠಸ್ಸೆ ಹಾಕಿಸಿಕೊಳ್ಳುವ ಪ್ರೋಟೀನೊಂದನ್ನು ಎದುರಿಗಿಟ್ಟು, ಪರೀಕ್ಷಿಸಬೇಕಾದ ರಾಸಾಯನಿಕವನ್ನು ಬೆರೆಸುತ್ತಾನೆ. ಠಸ್ಸೆ ಬಿತ್ತೋ ಇಲ್ಲವೋ? ಬೀಳದಿದ್ದರೆ ಆ ರಾಸಾಯನಿಕ ಕೈ ಹಿಡಿದಿದೆ. ಕೂಡಲೇ ಬೇರೆ ಹತ್ತಾರು ಕೈನೇಸುಗಳ ಮೇಲೂ ಅದನ್ನೇ ಪರೀಕ್ಷಿಸಬೇಕು. ಎಲ್ಲರ ಕೈಯನ್ನೂ ಹಿಡಿಯುವುದು ಔಷಧವಲ್ಲ, ವಿಷ. ಇಷ್ಟಾದರೂ ಸೀಸೆಯಲ್ಲಿ ಗೆದ್ದದ್ದು ದೇಹದಲ್ಲಿ ಗೆಲ್ಲುತ್ತದೆಂಬ ಭರವಸೆಯಿಲ್ಲ. ಹೊಟ್ಟೆ, ಯಕೃತ್ತು, ರಕ್ತಗಳನ್ನು ದಾಟಿ ಕೋಶದ ಒಳಗೆ ಹೊಕ್ಕು ಅಲ್ಲಿ ಗೆಲ್ಲಬೇಕು. ಸೀಸೆಯ ಪರೀಕ್ಷೆ ಬಾಗಿಲು ಮಾತ್ರ. ಮನೆ ಇನ್ನೂ ಒಳಗಿದೆ.

ಈ ಬಾಗಿಲಿನಿಂದ ಹೊಕ್ಕು ಗೆದ್ದ ಮೊದಲ ದೊಡ್ಡ ಔಷಧ ಇಮ್ಯಾಟಿನಿಬ್. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕಂಪನಿಯೊಂದರಲ್ಲಿ ನಿಕೊಲಸ್ ಲೈಡನ್ ಮೊದಲಾದವರು ಕೈನೇಸುಗಳ ಮೇಲೆ ರಾಸಾಯನಿಕಗಳನ್ನು ಪರೀಕ್ಷಿಸುತ್ತ ಅದನ್ನು ತಲುಪಿದರು. ಅಮೆರಿಕದ ವೈದ್ಯ ಬ್ರಯನ್ ಡ್ರೂಕರ್ ೧೯೯೮ರಲ್ಲಿ ರೋಗಿಗಳಿಗೆ ಕೊಡಲಾರಂಭಿಸಿದರು. ೨೦೦೧ರ ಮೇ ತಿಂಗಳಲ್ಲಿ ಅಮೆರಿಕ ಅಂಗೀಕರಿಸಿತು. ಅದು ಏಬಲ್ ಕೈನೇಸಿನಲ್ಲಿ ಎ.ಟಿ.ಪಿ. ಕೂರುವ ಪೀಠದಲ್ಲಿ ತಾನು ಕುಳಿತುಬಿಡುತ್ತದೆ. ಶಾಯಿ ಸಿಗದ ಗುಮಾಸ್ತ ಠಸ್ಸೆ ಹಾಕುವುದೆಲ್ಲಿಂದ? ಸುಬ್ಬರಾವ್ ಕಂಡ ಶಾಯಿಯ ದಾರಿಯನ್ನು ಕಟ್ಟಿ, ಸುಬ್ಬರಾವ್ ಎದುರಿಸಿದ ರೋಗದ ಸೋದರನನ್ನು ತಡೆದಂತಾಯಿತು. ಹಿಂದೆ ಕೆಲವೇ ವರ್ಷಗಳಲ್ಲಿ ಆಯುಸ್ಸು ಮುಗಿಯುತ್ತಿದ್ದ ಈ ಕಾಯಿಲೆಯಲ್ಲಿ, ದಿನಕ್ಕೊಂದು ಮಾತ್ರೆ ನುಂಗಿದ ರೋಗಿಗಳ ಪೈಕಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹತ್ತು ವರ್ಷಗಳ ಮೇಲೂ ಬದುಕಿದ್ದುದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

ಮಾತ್ರೆ ಸಿಕ್ಕಿತು, ಕೊಳ್ಳುವವರಾರು? ನೊವಾರ್ಟಿಸ್ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ ಲಕ್ಷ ರೂಪಾಯಿಗೂ ಮೀರಿದ ಬೆಲೆಯಿತ್ತು. ಭಾರತದ ಕಂಪನಿಗಳು ತಯಾರಿಸಿದ ಅದೇ ಮಾತ್ರೆಗೆ ಆಗ ತಿಂಗಳಿಗೆ ಸುಮಾರು ೮ ರಿಂದ ೧೦ ಸಾವಿರವಿತ್ತು. ತಾನು ಅನೇಕ ರೋಗಿಗಳಿಗೆ ಧರ್ಮಾರ್ಥವಾಗಿ ಕೊಡುತ್ತಿರುವೆನೆಂದು ಕಂಪನಿ ಹೇಳಿತು, ಕೊಡುತ್ತಲೂ ಇತ್ತು. ಆದರೆ ಪೇಟೆಂಟ್ ಸಿಕ್ಕಿದ್ದರೆ ದೇಶದ ಅಗ್ಗದ ಮಾತ್ರೆಗೆ ಎಡೆಯಿರುತ್ತಿರಲಿಲ್ಲ. ೨೦೦೬ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ವ್ಯಾಜ್ಯ ಏಳು ವರ್ಷ ನಡೆದು, ೨೦೧೩ರ ಏಪ್ರಿಲ್ ೧ರಂದು ಸುಪ್ರೀಂ ಕೋರ್ಟು, ಹಳೆಯ ದ್ರವ್ಯದ ಹೊಸ ರೂಪಕ್ಕೆ ಹೆಚ್ಚಿನ ಚಿಕಿತ್ಸಾಗುಣ ತೋರದ ಹೊರತು ಪೇಟೆಂಟ್ ಇಲ್ಲವೆಂದು ತೀರ್ಪು ಕೊಟ್ಟಿತು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ನಾಡಿನ ಎಲ್ಲ ಜಿಲ್ಲೆಗಳಿಂದ ಬರುವ ಒಕ್ಕಲುಮಕ್ಕಳನ್ನೂ ಕೂಲಿಕಾರರನ್ನೂ ಕಂಡವರಿಗೆ ಈ ಎರಡು ಬೆಲೆಗಳ ನಡುವಣ ಅಂತರವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಹುಳುವಿನ ಬೆಳೆ ಕೈಗೆ ಹತ್ತಿದ ವರ್ಷ ಸಾಲ ತೀರಿಸುವ ಮನೆಗೆ ತಿಂಗಳಿಗೆ ಲಕ್ಷವೆಂದರೆ ಔಷಧ ಇಲ್ಲವೆಂದೇ ಅರ್ಥ.

ವಿಜ್ಞಾನದ ಚರಿತ್ರೆಯನ್ನು ನಾವು ಗೆದ್ದವರ ಹೆಸರುಗಳಿಂದ ಬರೆಯುತ್ತೇವೆ. ಆದರೆ ಇಲ್ಲಿ ನೋಡಿ: ಹುಳು ಸತ್ತದ್ದನ್ನು ನೋಡಿ ಕಂಗೆಟ್ಟ ರೈತ, ಬಂಡವಾಳ ಕಳೆದುಕೊಂಡ ಇಟಲಿಯವರು, ಸ್ನಾಯುವಿನ ಸಕ್ಕರೆಯನ್ನು ಹುಡುಕುತ್ತಿದ್ದ ಇಬ್ಬರು ಪ್ರೊಫೆಸರುಗಳು, ಇವರಲ್ಲಿ ಯಾರಿಗೂ ರಕ್ತದ ಕ್ಯಾನ್ಸರಿನ ಯೋಚನೆಯಿರಲಿಲ್ಲ. ಒಬ್ಬರು ಸೋತ ಜಾಗದಲ್ಲಿ ಉಳಿದ ಪ್ರಶ್ನೆಯನ್ನು ಇನ್ನೊಬ್ಬರು ಎತ್ತಿಕೊಂಡರು. ಹುಳು ಏಕೆ ಸತ್ತಿತು ಎಂಬ ಪ್ರಶ್ನೆಯನ್ನು ಯಾರೂ ಎತ್ತಿಕೊಳ್ಳದೆ ಹೋಗಿದ್ದರೆ ಹಾಲುತೊಂಡೆ ಬರಿಯ ಹಾಲುತೊಂಡೆಯಾಗಿಯೇ ಉಳಿಯುತ್ತಿತ್ತು. ಇಂದು ಹುಡುಕುವ ಬಾಗಿಲೂ ನಮ್ಮೂರಿನಲ್ಲಿದೆ, ಮಾತ್ರೆ ತಯಾರಿಸುವ ಕೈಯೂ ನಮ್ಮ ದೇಶದಲ್ಲಿದೆ. ಕೈನೇಸುಗಳು ಐನೂರು, ಅವುಗಳಲ್ಲಿ ಔಷಧ ಸಿಕ್ಕಿರುವುದು ಕೆಲವಕ್ಕೆ ಮಾತ್ರ. ಉಳಿದ ಕೆಲಸ ನಿಮ್ಮ ಮನೆಯ ಮಕ್ಕಳಿಗಾಗಿ ಕಾದಿದೆ. ಇನ್ನೊಮ್ಮೆ ಮೈಸೂರಿನ ರೈಲಿನಲ್ಲಿ ಕೆಂಗೇರಿಯನ್ನು ದಾಟಿ ರಾಮನಗರದ ಗೂಡಿನ ಮಾರುಕಟ್ಟೆಯತ್ತ ಸಾಗುವಾಗ, ಹಿಪ್ಪುನೇರಳೆಯ ಹೊಲಗಳು ಕಂಡರೆ ಅವರಿಗೆ ತೋರಿಸಿ ಈ ಕಥೆಯನ್ನು ಹೇಳಿರಿ.